ದೊಡ್ಡವಳಾಗದೆ ದೊಡ್ಡವಳಾದ ಮಗು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹುಡುಗಿ ಮೈನೆರೆದರೆ ‘ದೊಡ್ಡವಳಾದಳು’ ಎನ್ನುತ್ತೇವೆ. ನಮ್ಮ ಉರ್ದು ಮಾತಿನ ಮನೆಗಳಲ್ಲಿ ‘ಬಾಲಿಗ್ ಆದಳು’ ಎನ್ನುತ್ತೇವೆ. ಎರಡರ ಅರ್ಥವೂ ಒಂದೇ: ಬಾಲ್ಯ ಮುಗಿಯಿತು, ಹೊಣೆ ಶುರುವಾಯಿತು. ಆದರೆ ಏಳು ವರ್ಷದ, ಎತ್ತರವೇ ಬೆಳೆಯದ ಮಗುವಿಗೆ ಮುಟ್ಟು ಬಂದರೆ ಅವಳು ದೊಡ್ಡವಳಾದಳೇ?

ಇದರ ಉತ್ತರ ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಇರಬಹುದು. ಆ ಗ್ರಂಥಿಗೆ ಬೇಕಾದದ್ದು ಅಯೋಡಿನ್. ಮಲೆನಾಡಿನ ಜಡಿಮಳೆ ಅದನ್ನು ಮಣ್ಣಿನಿಂದ ತೊಳೆದು ತುಂಗೆ, ಭದ್ರೆಯರಿಗೆ ಒಪ್ಪಿಸುತ್ತದೆ. ಘಟ್ಟದ ಕೆಳಗಿನ ಸಮುದ್ರದ ಉಪ್ಪಿನಲ್ಲೂ ಅದು ಅತ್ಯಲ್ಪ. ಹಾಗಾಗಿಯೇ ಚಿಕ್ಕಮಗಳೂರು ಜಿಲ್ಲೆ ಗಳಗಂಡ ಹೆಚ್ಚಿದ್ದ ಜಿಲ್ಲೆಗಳ ಪಟ್ಟಿ ಸೇರಿತು. 1956ರಲ್ಲಿ ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಪ್ರಯೋಗ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುತ್ತದೆಂದು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು; 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದು ದೇಶದಾದ್ಯಂತ ನಿಷೇಧವಾಯಿತು.

ಉಪ್ಪು ಗೆದ್ದರೂ ಥೈರಾಯ್ಡ್ ಕಾಯಿಲೆ ಮುಗಿಯಲಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವುದುಂಟು. ಇದಕ್ಕೆ ಉಪ್ಪು ಮದ್ದಲ್ಲ.

1960ರಲ್ಲಿ ಅಮೆರಿಕದ ವೈದ್ಯರಾದ ಜಡ್ಸನ್ ವ್ಯಾನ್ ವೈಕ್ ಮತ್ತು ಮೆಲ್ವಿನ್ ಗ್ರುಂಬ್ಯಾಕ್ ಮೂವರು ಬಾಲಕಿಯರ ಬಗ್ಗೆ ಬರೆದರು. ಥೈರಾಯ್ಡ್ ಸೋತಿತ್ತು, ಬೆಳವಣಿಗೆ ನಿಂತಿತ್ತು, ಆದರೂ ಮುಟ್ಟು ಬಂದಿತ್ತು. ಗ್ರಂಥಿ ಸೋತಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಹಾರ್ಮೋನನ್ನು ಸುರಿಸುತ್ತದೆ. ಅದು ಅತಿಯಾದಾಗ ಅಂಡಾಶಯವೂ ಎಚ್ಚರಗೊಳ್ಳುತ್ತದೆ. ಕೂಗಿದ್ದು ಒಬ್ಬರನ್ನು, ಓಗೊಟ್ಟವರು ಇನ್ನೊಬ್ಬರು! ಸಾಮಾನ್ಯವಾಗಿ ಬೇಗ ಮೈನೆರೆಯುವ ಮಕ್ಕಳು ಸರಸರನೆ ಎತ್ತರವಾಗುತ್ತಾರೆ. ಇವರು ಕುಳ್ಳಗೇ ಉಳಿಯುತ್ತಾರೆ, ಎಲುಬಿನ ವಯಸ್ಸೂ ಹಿಂದುಳಿದಿರುತ್ತದೆ. ಗುರುತು ಅಲ್ಲಿಯೇ ಇದೆ.

ಈ ಕಾಯಿಲೆ ಅಪರೂಪ. ಆದರೆ ತಪ್ಪಾಗಿ ತಿಳಿದರೆ ನಷ್ಟ ದೊಡ್ಡದು. ಸ್ಕ್ಯಾನಿನಲ್ಲಿ ಅಂಡಾಶಯದ ಗುಳ್ಳೆಗಳನ್ನು ಕಂಡು ಅನಗತ್ಯವಾಗಿ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳು ವೈದ್ಯಲೋಕದಲ್ಲಿ ದಾಖಲಾಗಿವೆ. ಮನೆಯಲ್ಲಿ ನಾವು ಮಾಡುವ ಗಾಯ ದಾಖಲಾಗುವುದಿಲ್ಲ: ಆಟ ನಿಲ್ಲಿಸುತ್ತೇವೆ, ಶಾಲೆಯ ಬಗ್ಗೆ ಅನುಮಾನಿಸುತ್ತೇವೆ, ಮಗುವಿನ ಮೇಲೆ ಹೆಂಗಸಿನ ನಾಚಿಕೆ ಹೇರುತ್ತೇವೆ.

ಪತ್ತೆಗೆ ಮೊದಲು ಬೇಕಾದದ್ದು ಒಂದು ರಕ್ತಪರೀಕ್ಷೆ. ಚಿಕಿತ್ಸೆ, ವೈದ್ಯರು ಹೇಳಿದ ಪ್ರಮಾಣದ ಥೈರಾಕ್ಸಿನ್ ಮಾತ್ರೆ. ಅದನ್ನು ತಪ್ಪದೆ ಕೊಟ್ಟರೆ ಮುಟ್ಟು ನಿಲ್ಲುತ್ತದೆ, ಗುಳ್ಳೆಗಳು ಕರಗುತ್ತವೆ, ಬೆಳವಣಿಗೆ ಮತ್ತೆ ಚಿಗುರುತ್ತದೆ. ಮುಂದೆ ಸರಿಯಾದ ವಯಸ್ಸಿನಲ್ಲಿ ಅವಳು ನಿಜಕ್ಕೂ ದೊಡ್ಡವಳಾಗುತ್ತಾಳೆ. ಅಲ್ಲಿಯವರೆಗೆ ಅವಳನ್ನು ಮಗುವಾಗಿಯೇ ಇರಗೊಡುವುದು ನಮ್ಮ ಹೊಣೆ.