ಗಗನಚುಂಬಿಗಳೂ ಅವುಗಳ ಶಿಲ್ಪಿಗಳೂ

ಡೆಟ್ರಾಯಿಟ್ ಸೀಮೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮನೆಗೆ ಊರಿನಿಂದ ಹಿರಿಯರು ಬಂದರೆ, ನಯಾಗರ ಜಲಪಾತದ ದರ್ಶನವಾದ ಮೇಲೆ ಷಿಕಾಗೊ ನಗರದ ಸಿಯರ್ಸ್ ಗೋಪುರವನ್ನು ತೋರಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ನಾನೂ 1984ರ ಬೇಸಿಗೆಯಲ್ಲಿ ನನ್ನ ತಂದೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಸುಮಾರು 280 ಮೈಲಿಗಳ ಆ ಹಾದಿಯನ್ನು ಕ್ರಮಿಸಿದೆ. ತಂದೆಯವರು ಬಿಜಾಪುರ ಜಿಲ್ಲೆಯಲ್ಲಿ ಲೋಕೋಪಯೋಗಿ ಇಲಾಖೆಯ ಓವರ್‌ಸಿಯರ್ ಆಗಿ ದುಡಿದು ನಿವೃತ್ತರಾದವರು. ಸೇತುವೆ, ಶಾಲೆ, ಪ್ರವಾಸಿ ಮಂದಿರಗಳ ಗೋಡೆಗೆ ತೂಗುಗುಂಡು ಹಿಡಿದು ನೋಡುವುದರಲ್ಲೇ ಅವರ ಆಯುಷ್ಯ ಕಳೆದಿತ್ತು.

ಅಂದು ಆ ಕಟ್ಟಡ ಪ್ರಪಂಚದಲ್ಲೇ ಅತ್ಯಂತ ಎತ್ತರದ್ದೆಂಬ ಕೀರ್ತಿಗೆ ಪಾತ್ರವಾಗಿತ್ತು. 103ನೆಯ ಅಂತಸ್ತಿನ ವೀಕ್ಷಣಾಲಯದ ಗಾಜಿನ ಬಳಿ ನಿಂತು ನಾನು ಮಿಶಿಗನ್ ಸರೋವರವನ್ನೂ, ಬಾನು ತಿಳಿಯಾಗಿದ್ದರೆ ಕಾಣುವ ನಾಲ್ಕು ರಾಜ್ಯಗಳ ದಿಕ್ಕುಗಳನ್ನೂ ಉತ್ಸಾಹದಿಂದ ತೋರಿಸುತ್ತಿದ್ದೆ. ತಂದೆಯವರ ಗಮನ ಅಲ್ಲಿರಲಿಲ್ಲ. ಕಂಬವೊಂದರ ಹೊದಿಕೆಯ ಮೇಲೆ ಅಂಗೈ ಊರಿ ಅವರು ಕೇಳಿದರು: “ತಮ್ಮಾ, ಇಷ್ಟ ಎತ್ತರ ಐತಿ. ಗಾಳಿ ಬೀಸಿದ್ರ ಇದು ಹ್ಯಾಂಗ ನಿಲ್ತೈತಿ?” ಕಾರಿನ ಕಾರ್ಖಾನೆಯ ಯಂತ್ರಗಳ ವಿಷಯ ಬಲ್ಲ ನಾನು ಉತ್ತರ ತಿಳಿಯದೆ ಸುಮ್ಮನಾದೆ. ಅವರು ಮತ್ತೆ ಕೇಳಿದರು: “ಹೋಗಲಿ, ಇದನ್ನ ಕಟ್ಟಿದವ್ರು ಯಾರು?” “ಸಿಯರ್ಸ್ ಕಂಪನಿಯವರು, ಅಪ್ಪಾ” ಎಂದೆ. “ಅವ್ರು ಕಟ್ಟಿಸಿದವ್ರು. ನಾ ಕೇಳಿದ್ದು ಕಟ್ಟಿದವ್ರ ಹೆಸರು” ಎಂದರು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಈ ಎರಡು ಪ್ರಶ್ನೆಗಳಿಗೆ ಉತ್ತರ ನನಗೆ ದೊರೆಯುವ ಹೊತ್ತಿಗೆ ಕೇಳಿದವರು ಇರಲಿಲ್ಲ. ಆ ಉತ್ತರವನ್ನು ಈ ಸ್ಮರಣ ಸಂಚಿಕೆಯ ಮೂಲಕ ಕನ್ನಡ ಬಂಧುಗಳ ಮುಂದಿಡುವುದು ನನ್ನ ಉದ್ದೇಶ.

ಗಗನಚುಂಬಿ ಕಟ್ಟಡಗಳ ಚರಿತ್ರೆ ಒಂದು ಬೆಂಕಿಯಿಂದ ಆರಂಭವಾಗುತ್ತದೆಂದರೆ ತಪ್ಪಾಗದು. 1871ರ ಅಕ್ಟೋಬರ್ ತಿಂಗಳಲ್ಲಿ ಷಿಕಾಗೊ ನಗರದ ಹೃದಯಭಾಗ ಸುಟ್ಟು ಬೂದಿಯಾಯಿತು. ಮರದ ಮನೆಗಳು ಹೋದ ಜಾಗದಲ್ಲಿ ಹೊಸ ನಗರವನ್ನು ಕಟ್ಟಬೇಕಾಗಿತ್ತು. ನೆಲದ ಬೆಲೆ ಏರುತ್ತಿತ್ತು. ಎಲಿಷಾ ಓಟಿಸ್ ಎಂಬಾತ ರೂಪಿಸಿದ್ದ, ಹಗ್ಗ ಕಡಿದರೂ ಕೆಳಗೆ ಬೀಳದ ಲಿಫ್ಟ್ ಆ ವೇಳೆಗಾಗಲೇ ಬಳಕೆಗೆ ಬಂದಿತ್ತು. ಹತ್ತಲು ಸಾಧನವಿದ್ದ ಮೇಲೆ ಎತ್ತರ ಕಟ್ಟುವುದಕ್ಕೆ ಅಡ್ಡಿಯಾದದ್ದು ಗೋಡೆ. ಇಟ್ಟಿಗೆಯ ಕಟ್ಟಡದಲ್ಲಿ ಮೇಲಿನ ಎಲ್ಲ ಅಂತಸ್ತುಗಳ ಭಾರವನ್ನೂ ಕೆಳಗಿನ ಗೋಡೆಯೇ ಹೊರಬೇಕು. ಷಿಕಾಗೊದಲ್ಲಿ ಇಂದಿಗೂ ನಿಂತಿರುವ ಮೊನಾಡ್‌ನಾಕ್ ಕಟ್ಟಡದ 1891ರ ಭಾಗ ಇದಕ್ಕೆ ನಿದರ್ಶನ. ಹದಿನಾರು ಅಂತಸ್ತುಗಳನ್ನು ಹೊರಲು ಅದರ ಗೋಡೆಗಳು ಬುಡದಲ್ಲಿ ಆರು ಅಡಿ ದಪ್ಪವಾಗಬೇಕಾಯಿತು. ಇನ್ನೂ ಎತ್ತರಕ್ಕೆ ಹೋದರೆ ಕೆಳಗಿನ ಅಂತಸ್ತಿನಲ್ಲಿ ಗೋಡೆಯೇ ತುಂಬಿ ಮನುಷ್ಯರಿಗೆ ಜಾಗ ಉಳಿಯದು.

ಇದಕ್ಕೆ ಪರಿಹಾರವನ್ನು ವಿಲಿಯಂ ಲ ಬ್ಯಾರನ್ ಜೆನ್ನಿ ಎಂಬ ಇಂಜಿನಿಯರ್ 1885ರಲ್ಲೇ ತೋರಿಸಿದ್ದ. ಅವನ ಹೋಮ್ ಇನ್ಶೂರೆನ್ಸ್ ಕಟ್ಟಡ ಹತ್ತೇ ಅಂತಸ್ತಿನದು. ಆದರೆ ಅದರ ಭಾರವನ್ನು ಬಹುಮಟ್ಟಿಗೆ ಹೊತ್ತದ್ದು ಗೋಡೆಯಲ್ಲ, ಕಬ್ಬಿಣ ಮತ್ತು ಉಕ್ಕಿನ ಹಂದರ. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಕಂಬ ತೊಲೆಗಳು ಮಾಡನ್ನು ಹೊತ್ತು, ನಡುವಣ ಗೋಡೆ ಬರಿಯ ಮರೆಯಾಗಿ ನಿಲ್ಲುವುದಿಲ್ಲವೇ? ಅದೇ ತತ್ತ್ವ. 1931ರಲ್ಲಿ ಆ ಕಟ್ಟಡವನ್ನು ಕೆಡವಿದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ, ಅದೇ ಹಂದರದ ತತ್ತ್ವದ ಮೇಲೆ, 102 ಅಂತಸ್ತುಗಳ ಎಂಪೈರ್ ಸ್ಟೇಟ್ ಕಟ್ಟಡ 1,250 ಅಡಿ ಎತ್ತರಕ್ಕೆ ಎದ್ದು ನಿಂತಿತು.

ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕ ಆ ಎತ್ತರವನ್ನು ಯಾರೂ ಮೀರಲಿಲ್ಲ. ಆರ್ಥಿಕ ಕುಸಿತ, ಎರಡನೆಯ ಮಹಾಯುದ್ಧ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನನ್ನ ತಂದೆಯವರು ಕೇಳಿದ ಗಾಳಿ. ಕಟ್ಟಡದ ಭಾರ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಅದನ್ನು ಹೊರುವುದು ಕಷ್ಟವಲ್ಲ. ಗಾಳಿಯಾದರೋ ಪಕ್ಕದಿಂದ ತಳ್ಳುತ್ತದೆ. ಎತ್ತರ ಇಮ್ಮಡಿಯಾದರೆ ಬುಡವನ್ನು ಮಗುಚುವ ಅದರ ಶಕ್ತಿ ನಾಲ್ಮಡಿಗೂ ಹೆಚ್ಚಾಗುತ್ತದೆ. ಅದನ್ನು ತಡೆಯಲು ಒಳಗೆಲ್ಲ ಹೆಚ್ಚು ಹೆಚ್ಚು ಉಕ್ಕನ್ನು ತುಂಬಬೇಕಾಗಿತ್ತು. ಎತ್ತರಕ್ಕೆ ತೆರಬೇಕಾದ ಈ ಸುಂಕಕ್ಕೆ ಬೆದರಿ ಹಣವಂತರೂ ಹಿಂಜರಿಯುತ್ತಿದ್ದರು.

ಈ ಸುಂಕವನ್ನು ಇಳಿಸಿದವರು ಫಜ್ಲುರ್ ರಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಜನಿಸಿದ ಇವರು 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಬಂದು, ಮೂರೇ ವರ್ಷಗಳಲ್ಲಿ ಎರಡು ಸ್ನಾತಕೋತ್ತರ ಪದವಿಗಳನ್ನೂ ಡಾಕ್ಟರೇಟನ್ನೂ ಗಳಿಸಿದರು; 1955ರಲ್ಲಿ ಷಿಕಾಗೊ ನಗರದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆಯನ್ನು ಸೇರಿದರು. ಅವರ ವಿಚಾರ ಸರಳ. ಕಂಬಗಳನ್ನು ಕಟ್ಟಡದ ಒಳಗೆಲ್ಲ ಹರಡುವ ಬದಲು ಹೊರ ಅಂಚಿಗೆ ತಂದು, ಒತ್ತೊತ್ತಾಗಿ ನಿಲ್ಲಿಸಿ, ಪ್ರತಿ ಅಂತಸ್ತಿನಲ್ಲೂ ತೊಲೆಗಳಿಂದ ಬಿಗಿದರೆ ಇಡೀ ಕಟ್ಟಡ ಒಂದು ಕೊಳವೆಯಂತಾಗುತ್ತದೆ. ಬಿದಿರು ಟೊಳ್ಳಾಗಿದ್ದರೂ ಗಾಳಿಗೆ ಮುರಿಯದೆ ನಿಲ್ಲುವುದನ್ನು ನಾವೆಲ್ಲ ಕಂಡವರೇ. ಷಿಕಾಗೊದ 43 ಅಂತಸ್ತುಗಳ ಡಿವಿಟ್-ಚೆಸ್ಟ್‌ನಟ್ ವಸತಿ ಕಟ್ಟಡದಲ್ಲಿ ಈ ತತ್ತ್ವ ಮೊದಲು ಪ್ರಯೋಗವಾಯಿತು. 1969ರಲ್ಲಿ ಮುಗಿದ, ನೂರು ಅಂತಸ್ತುಗಳ ಜಾನ್ ಹ್ಯಾಂಕಾಕ್ ಕಟ್ಟಡದಲ್ಲಿ ಹೊರಮೈಗೆ ದೊಡ್ಡ ದೊಡ್ಡ ಕತ್ತರಿಪಟ್ಟಿಗಳನ್ನು ಹಾಯಿಸಿ ಕೊಳವೆಯನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಮುರಿಯದಿದ್ದರೆ ಸಾಲದು, ಮೇಲಿನವರಿಗೆ ತಲೆ ತಿರುಗಲೂಬಾರದಷ್ಟೆ. ಓಲಾಟವನ್ನು ಮನುಷ್ಯ ಎಷ್ಟರಮಟ್ಟಿಗೆ ಸಹಿಸಬಲ್ಲನೆಂದು ತಿಳಿಯಲು ಖಾನರು ಷಿಕಾಗೊದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ, ಬಟ್ಟೆ ಒಗೆಯುವ ಯಂತ್ರದ ಪ್ರದರ್ಶನಕ್ಕೆಂದು ಇದ್ದ ತಿರುಗುವ ವೇದಿಕೆಯ ಮೇಲೆ ಜನರನ್ನು ಕೂರಿಸಿ ಪರೀಕ್ಷಿಸಿದರಂತೆ.

ಇನ್ನು ಸಿಯರ್ಸ್ ಗೋಪುರ. ಇದರ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಒಂದು ಹಿಡಿ ಸಿಗರೇಟುಗಳನ್ನು ಕಟ್ಟಿನಂತೆ ಹಿಡಿದು, ಕೆಲವನ್ನು ಮೇಲೆ ಕೆಲವನ್ನು ಕೆಳಗೆ ಜರುಗಿಸಿ, ಹೀಗೆ ಕಟ್ಟಬಹುದೇ ಎಂದು ಖಾನರನ್ನು ಕೇಳಿದರೆಂದು ಪ್ರತೀತಿ. ಕೊಳವೆ ಬಹಳ ಅಗಲವಾದರೆ ಒಂದು ದೋಷವುಂಟು: ಗಾಳಿಯ ಒತ್ತಡವನ್ನೆಲ್ಲ ಮೂಲೆಯ ಕಂಬಗಳೇ ಹೊತ್ತು, ಮುಖದ ನಡುವಣ ಕಂಬಗಳು ಸೋಮಾರಿಗಳಾಗುತ್ತವೆ. ಆದ್ದರಿಂದ 225 ಅಡಿ ಚೌಕದ ಒಂದೇ ಕೊಳವೆಯ ಬದಲು, 75 ಅಡಿ ಚೌಕದ ಒಂಬತ್ತು ಕೊಳವೆಗಳನ್ನು ಮೂರು ಮೂರರಂತೆ ಕೂಡಿಸಿ ನಿಲ್ಲಿಸಿದರು. ನಡುವೆ ಹಾಯುವ ಕಂಬಸಾಲುಗಳು ಎದುರುಬದುರು ಮುಖಗಳನ್ನು ಬೆಸೆದು ಎಲ್ಲ ಕಂಬಗಳಿಂದಲೂ ಕೆಲಸ ತೆಗೆಯುತ್ತವೆ. ಎರಡು ಕೊಳವೆಗಳು 50ನೆಯ ಅಂತಸ್ತಿನಲ್ಲಿ, ಎರಡು 66ರಲ್ಲಿ, ಮೂರು 90ರಲ್ಲಿ ನಿಲ್ಲುತ್ತವೆ. ಉಳಿದ ಎರಡು ಮಾತ್ರ 1,450 ಅಡಿಗಳ ತುದಿಯನ್ನು ಮುಟ್ಟುತ್ತವೆ. ಒಂಟಿ ಬಿದಿರಿಗಿಂತ ಬಿದಿರ ಮೆಳೆ ಗಟ್ಟಿ. ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಪ್ರತಿ ಚದರ ಅಡಿಗೆ ಸುಮಾರು 42 ಪೌಂಡ್ ಉಕ್ಕು ಬೇಕಾಗಿದ್ದರೆ, ಅದಕ್ಕಿಂತ 200 ಅಡಿ ಎತ್ತರದ ಸಿಯರ್ಸ್ ಗೋಪುರಕ್ಕೆ ಸಾಕಾದದ್ದು ಸುಮಾರು 33 ಪೌಂಡ್. ತಂದೆಯವರ ಮೊದಲ ಪ್ರಶ್ನೆಗೆ ಇದು ಉತ್ತರ.

ಎರಡನೆಯ ಪ್ರಶ್ನೆಗೆ ಉತ್ತರದ ಜಾಡು ನನಗೆ ಸಿಕ್ಕಿದ್ದು ಗೋಪುರದ ಬುಡದಲ್ಲೇ. 1998ರಲ್ಲಿ ಅಲ್ಲಿಯ ರಸ್ತೆಗೆ ಗೌರವಾರ್ಥವಾಗಿ ಖಾನರ ಹೆಸರಿಟ್ಟರು. ಕೆಲವು ವರ್ಷಗಳ ಅನಂತರ ಆ ಫಲಕವನ್ನು ಕಂಡು, ಇವರು ಯಾರೆಂದು ಓದತೊಡಗಿದೆ. 1971ರಲ್ಲಿ ತಾಯ್ನಾಡಿನ ವಿಮೋಚನೆಯ ಹೋರಾಟ ನಡೆದಾಗ ಅವರು ಷಿಕಾಗೊದಲ್ಲಿದ್ದುಕೊಂಡೇ ಸಂತ್ರಸ್ತರಿಗಾಗಿ ನೆರವು ಸಂಗ್ರಹಿಸಿದರೆಂದೂ, 1982ರ ಮಾರ್ಚ್ ತಿಂಗಳಲ್ಲಿ ಜೆಡ್ಡಾ ನಗರದಲ್ಲಿ ತೀರಿಕೊಂಡರೆಂದೂ ತಿಳಿಯಿತು. ನಾನು ತಂದೆಯವರೊಡನೆ ಗೋಪುರವನ್ನು ಹತ್ತುವ ಎರಡು ವರ್ಷ ಮೊದಲೇ ಆ ಚೇತನ ಕಣ್ಮರೆಯಾಗಿತ್ತು.

ಹೀಗೆ ಓದುತ್ತಿದ್ದಾಗ ಇನ್ನೊಂದು ಹೆಸರು ಕಣ್ಣಿಗೆ ಬಿದ್ದು ನಾನು ಬೆರಗಾದೆ: ಶ್ರೀನಿವಾಸ ಅಯ್ಯಂಗಾರ್. ಅಮೆರಿಕದ ಸಹೋದ್ಯೋಗಿಗಳ ಬಾಯಲ್ಲಿ ಅವರು ‘ಹ್ಯಾಲ್’. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದಿ, ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಬಂದು, ಖಾನರಿದ್ದ ಸಂಸ್ಥೆಯನ್ನೇ ಸೇರಿದವರು. ಹ್ಯಾಂಕಾಕ್ ಮತ್ತು ಸಿಯರ್ಸ್ ಕಟ್ಟಡಗಳೆರಡರ ರಚನಾ ವಿನ್ಯಾಸದಲ್ಲೂ ಖಾನರ ನಿಕಟ ಸಹೋದ್ಯೋಗಿ. ಮುಂದೆ ಆ ಸಂಸ್ಥೆಯ ಪಾಲುದಾರರು. ಲಂಡನ್ ನಗರದ ರೈಲುಹಳಿಗಳ ಮೇಲೆ ಕಮಾನುಗಳಿಂದ ಹೊತ್ತು ನಿಲ್ಲಿಸಿದ ಎಕ್ಸ್‌ಚೇಂಜ್ ಹೌಸ್ ಕಟ್ಟಡದಲ್ಲೂ ಅವರ ಕೈಯಿದೆ. 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಆರಂಭವಾದ ಕಾಲೇಜಿನಿಂದ ನಮ್ಮ ನಾಡಿನ ಇಂಜಿನಿಯರಿಂಗ್ ಶಿಕ್ಷಣ ಬೆಳೆದುಬಂದಿತು. ಆ ಪರಂಪರೆಯ ಫಲವೊಂದು ಷಿಕಾಗೊ ನಗರದ ನೆತ್ತಿಯ ಮೇಲಿತ್ತು. ತಂದೆಯವರು ಕಂಬದ ಮೇಲೆ ಅಂಗೈ ಊರಿ ಕೇಳಿದಾಗ, ‘ಇದರ ಲೆಕ್ಕ ಹಾಕಿದವರಲ್ಲಿ ಮೈಸೂರಿನಲ್ಲಿ ಓದಿದವರೊಬ್ಬರು ಇದ್ದಾರೆ, ಅಪ್ಪಾ’ ಎಂದು ನಾನು ಹೇಳಬಹುದಾಗಿತ್ತು. ಹೇಳಲಾಗಲಿಲ್ಲ ಎಂಬ ಕೊರಗು ಇಂದಿಗೂ ಉಳಿದಿದೆ.

ನಾನು ನೆಲೆಸಿರುವ ಡೆಟ್ರಾಯಿಟ್ ಕಡೆಗೂ ಈ ಕಥೆಯಲ್ಲಿ ಪಾಲುಂಟು. ಸಿಯರ್ಸ್ ಗೋಪುರಕ್ಕೆ ಮುನ್ನ ಎತ್ತರದ ದಾಖಲೆ ಹೊಂದಿದ್ದ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳ ವಾಸ್ತುಶಿಲ್ಪಿ ಮಿನೊರು ಯಾಮಾಸಾಕಿ ಡೆಟ್ರಾಯಿಟ್ ಸೀಮೆಯವರು. ಜಪಾನಿನಿಂದ ವಲಸೆ ಬಂದ ದಂಪತಿಗಳ ಮಗನಾಗಿ 1912ರಲ್ಲಿ ಸಿಯಾಟಲ್ ನಗರದಲ್ಲಿ ಹುಟ್ಟಿ, ಅಲಾಸ್ಕಾದ ಮೀನಿನ ಕಾರ್ಖಾನೆಗಳಲ್ಲಿ ದುಡಿದು ಓದಿದವರು. ಯುದ್ಧಕಾಲದಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳುತ್ತಿದ್ದಾಗ ತಂದೆತಾಯಿಗಳನ್ನು ನ್ಯೂಯಾರ್ಕಿನ ತಮ್ಮ ಮನೆಯಲ್ಲಿಟ್ಟು ಕಾಪಾಡಿದವರು. 1945ರಲ್ಲಿ ಡೆಟ್ರಾಯಿಟ್‌ಗೆ ಬಂದರು. ಅವಳಿ ಗೋಪುರಗಳೂ ಒತ್ತೊತ್ತು ಕಂಬಗಳ ಕೊಳವೆಗಳೇ. ಎತ್ತರಕ್ಕೆ ಅಂಜುತ್ತಿದ್ದ ಯಾಮಾಸಾಕಿ ಅವುಗಳ ಕಿಟಕಿಗಳನ್ನು ಹದಿನೆಂಟೇ ಅಂಗುಲ ಅಗಲವಾಗಿ ಇರಿಸಿದರು. 2001ರ ಸೆಪ್ಟೆಂಬರ್ 11ರಂದು ಆ ಗೋಪುರಗಳು ಸಾವಿರಾರು ಜೀವಗಳೊಡನೆ ಕುಸಿದದ್ದು ಸರ್ವವಿದಿತ. ಅವುಗಳ ಪೂರ್ವಛಾಯೆಯನ್ನು ಡೆಟ್ರಾಯಿಟ್ ನದಿಯ ಸಮೀಪ, ವುಡ್‌ವರ್ಡ್ ಬೀದಿಯ ಮೊದಲ ನಂಬರಿನಲ್ಲಿ, ಅವರೇ 1960ರ ದಶಕದ ಆರಂಭದಲ್ಲಿ ಕಟ್ಟಿದ ಬಿಳಿಯ ಕಟ್ಟಡದಲ್ಲಿ ಈಗಲೂ ಕಾಣಬಹುದು.

ಎತ್ತರದ ಕೀರ್ತಿ ಯಾರಲ್ಲೂ ನಿಲ್ಲುವುದಿಲ್ಲ. 1996ರಲ್ಲಿ ಎತ್ತರದ ಕಟ್ಟಡಗಳ ಅಂತಾರಾಷ್ಟ್ರೀಯ ಮಂಡಳಿ, ಶಿಖರವನ್ನು ಎಣಿಸಬಹುದು, ಆಂಟೆನಾವನ್ನು ಎಣಿಸಕೂಡದು ಎಂದು ತೀರ್ಮಾನಿಸಿತು. ಪಟ್ಟ ಕೌಲಾಲಂಪುರದ ಪೆಟ್ರೊನಾಸ್ ಗೋಪುರಗಳ ಪಾಲಾಯಿತು. 2010ರಲ್ಲಿ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ದುಬೈ ನಗರದಲ್ಲಿ ತೆರೆಯಿತು. ಅದನ್ನು ವಿನ್ಯಾಸಗೊಳಿಸಿದ್ದು ಖಾನರು ದುಡಿದ ಸಂಸ್ಥೆಯ ಷಿಕಾಗೊ ಕಚೇರಿಯೇ. ಏಡ್ರಿಯನ್ ಸ್ಮಿತ್ ವಾಸ್ತುಶಿಲ್ಪಿ, ವಿಲಿಯಂ ಬೇಕರ್ ಇಂಜಿನಿಯರ್. ಅಲ್ಲಿ ನಡುವಣ ಆರು ಮೂಲೆಯ ಗರ್ಭಕ್ಕೆ ಮೂರು ರೆಕ್ಕೆಗಳು ಒತ್ತಾಸೆಯಾಗಿ ನಿಂತಿವೆ. ಸಿಯರ್ಸ್ ಕಂಪನಿಯಂತೂ 1990ರ ದಶಕದಲ್ಲೇ ತನ್ನ ಗೋಪುರವನ್ನು ಬಿಟ್ಟುಹೋಯಿತು. 2009ರಿಂದ ಅದರ ಹೆಸರು ವಿಲಿಸ್ ಗೋಪುರ. ‘ಕಟ್ಟಿದವರು ಸಿಯರ್ಸ್’ ಎಂದು ನಾನು ಅಂದು ಕೊಟ್ಟ ಉತ್ತರ ಹೀಗೆ ಅಳಿಸಿಹೋಯಿತು. ಕಟ್ಟಿಸಿದವರ ಹೆಸರು ಬದಲಾಯಿತು. ಕಟ್ಟಿದವರ ಲೆಕ್ಕ ಇಂದಿಗೂ ಗಾಳಿಯನ್ನು ತಡೆಯುತ್ತಿದೆ.

ಕಟ್ಟಿಸಿದವರನ್ನು ನೆನೆದು ಕಟ್ಟಿದವರನ್ನು ಮರೆಯುವುದು ನಮ್ಮಲ್ಲೂ ಇದೆ. ವಿಧಾನಸೌಧವೆಂದರೆ ಕೆಂಗಲ್ ಹನುಮಂತಯ್ಯನವರು ನೆನಪಾಗುತ್ತಾರೆ, ಬಿ. ಆರ್. ಮಾಣಿಕ್ಯಂ ಅವರನ್ನು ಎಷ್ಟು ಜನ ಬಲ್ಲರು? ನಮ್ಮ ಬಿಜಾಪುರದ ಗೋಲಗುಮ್ಮಟದಲ್ಲಿ ಒಂದರೊಳಗೊಂದು ಹೆಣೆದ ಕಮಾನುಗಳ ಮೇಲೆ, ನಡುವೆ ಒಂದು ಕಂಬವೂ ಇಲ್ಲದೆ ಆ ಮಹಾಗುಮ್ಮಟ ನಿಂತಿದೆ. ಬಂದವರ ಬಾಯಲ್ಲಿರುವುದು ಮಹಮ್ಮದ್ ಆದಿಲ್ ಶಾಹನ ಹೆಸರೊಂದೇ. ಆದರೆ ಬೇರೆಯ ಪದ್ಧತಿಯೂ ನಮ್ಮ ನಾಡಿನದೇ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೆಲಸದ ಬುಡದಲ್ಲಿ ಕನ್ನಡ ಅಕ್ಷರಗಳಲ್ಲಿ ಹೆಸರನ್ನು ಕೊರೆದಿದ್ದಾರೆ. ರಾಜನ ಶಾಸನ ಬೇರೆ, ಶಿಲ್ಪಿಯ ರುಜು ಬೇರೆ ಎಂಬ ಅರಿವು ಹೊಯ್ಸಳರ ಕಾಲದಲ್ಲೇ ಇತ್ತು. 1973ರ ಮೇ ತಿಂಗಳಲ್ಲಿ ಸಿಯರ್ಸ್ ಗೋಪುರದ ಕೊನೆಯ ತೊಲೆಯನ್ನು ಏರಿಸುವ ಮುನ್ನ ಷಿಕಾಗೊದ ಸಾವಿರಾರು ನಾಗರಿಕರು ಅದರ ಮೇಲೆ ಸಹಿ ಮಾಡಿದರು. ಅದೂ ಅದೇ ಅರಿವಿನ ಮಾತು.

ಷಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ ಇವೆರಡೂ ಕಟ್ಟಿದವರ ಹೆಸರು ಹೊತ್ತ ಸಂಸ್ಥೆಗಳೇ: ಒಬ್ಬರು ರಾಜ್ಯ ಕಟ್ಟಲು ನೆರವಾದವರೆಂದು ನಾಡು ನಂಬಿದೆ, ಇನ್ನೊಬ್ಬರು ಕಾವ್ಯ ಕಟ್ಟಿದವರು. ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ. ಮುಂದೆ ಮಕ್ಕಳನ್ನೋ ಊರಿನಿಂದ ಬಂದ ಹಿರಿಯರನ್ನೋ ಆ ಗೋಪುರಕ್ಕೆ ಕರೆದೊಯ್ದಾಗ ಅಂತಸ್ತುಗಳನ್ನು ಮಾತ್ರ ಎಣಿಸಿ ಬರಬೇಡಿ. ಢಾಕಾದ ಖಾನರ ಹೆಸರನ್ನು ಹೇಳಿ, ಮೈಸೂರಿನಲ್ಲಿ ಓದಿದ ಅಯ್ಯಂಗಾರರ ಹೆಸರನ್ನೂ ಹೇಳಿ. ಹಿರಿಯರು ಕೇಳಿದಾಗ ಉತ್ತರ ನಿಮ್ಮ ಬಳಿ ಇರಲಿ.