ಶುಲ್ಕ ಮತ್ತು ಲೈಸೆನ್ಸ್: ಅಮೆರಿಕದ ರಾಜ್ಯಗಳಲ್ಲಿ ದಾಖಲೆರಹಿತ ವಿದ್ಯಾರ್ಥಿಗಳ ಕುರಿತ ನೀತಿಯ ಚರಿತ್ರೆ (1975–2025)

ಅಮೆರಿಕಕ್ಕೆ ಯಾರು ಬರಬಹುದು, ಯಾರು ಉಳಿಯಬಹುದು ಎಂದು ತೀರ್ಮಾನಿಸುವ ಅಧಿಕಾರ ಒಕ್ಕೂಟ ಸರ್ಕಾರದ್ದು. ಬಂದವರ ದಿನನಿತ್ಯದ ಬದುಕನ್ನು ಬಹುಮಟ್ಟಿಗೆ ರೂಪಿಸುವುದು ಮಾತ್ರ ರಾಜ್ಯಗಳು. ತಂದೆತಾಯಿಯ ಜೊತೆ ಚಿಕ್ಕಂದಿನಲ್ಲೇ ಗಡಿ ದಾಟಿ ಬಂದ, ಇಲ್ಲವೇ ವೀಸಾ ಅವಧಿ ಮುಗಿದ ಮೇಲೂ ಉಳಿದ ಮಗು ಆ ದೇಶದ ಯಾವುದೇ ರಾಜ್ಯದಲ್ಲಿ ಪ್ರೌಢಶಾಲೆ ಮುಗಿಯುವ ತನಕ ಉಚಿತವಾಗಿ ಓದಬಹುದು. ಅದೇ ಮಗು ಬೆಳೆದು ನಿಂತಾಗ ಅದಕ್ಕೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೋ ಇಲ್ಲವೋ, ಕಾಲೇಜಿನಲ್ಲಿ ಅದು ಕಟ್ಟಬೇಕಾದದ್ದು ರಾಜ್ಯದವರ ಶುಲ್ಕವೋ ಅಥವಾ ಅದರ ಎರಡು ಮೂರು ಪಟ್ಟಿರುವ ಹೊರಗಿನವರ ಶುಲ್ಕವೋ ಎಂಬುದು ಅದು ವಾಸಿಸುವ ರಾಜ್ಯದ ಮೇಲೆ ನಿಂತಿದೆ.

ಶುಲ್ಕದ ಪ್ರಶ್ನೆಯನ್ನು ಶಿಕ್ಷಣ ನೀತಿಯ ಚರಿತ್ರೆಯಲ್ಲಿಯೂ ಲೈಸೆನ್ಸಿನ ಪ್ರಶ್ನೆಯನ್ನು ರಸ್ತೆ ಸುರಕ್ಷತೆ ಅಥವಾ ರಾಷ್ಟ್ರೀಯ ಭದ್ರತೆಯ ಚರಿತ್ರೆಯಲ್ಲಿಯೂ ಬೇರೆ ಬೇರೆಯಾಗಿ ಚರ್ಚಿಸುವುದು ರೂಢಿ. ಬಸ್ಸು, ರೈಲು ವಿರಳವಾಗಿರುವ ಊರುಗಳಲ್ಲಿ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಆದರೂ ಸರ್ಕಾರಗಳು ಮತ್ತು ಮತದಾರರು ಒಬ್ಬನೇ ವ್ಯಕ್ತಿಯನ್ನು ವಿದ್ಯಾರ್ಥಿಯಾಗಿ ಒಂದು ಬಗೆಯಲ್ಲಿ, ಚಾಲಕನಾಗಿ ಇನ್ನೊಂದು ಬಗೆಯಲ್ಲಿ ನೋಡಿದರು. ಐವತ್ತು ವರ್ಷಗಳ ಈ ಚರಿತ್ರೆಯನ್ನು ಆ ಇಬ್ಬಗೆಯ ನೋಟದ ಚರಿತ್ರೆಯಾಗಿ ಓದುವುದು ಈ ಲೇಖನದ ಉದ್ದೇಶ.

ಟೈಲರ್ ಪಟ್ಟಣದಿಂದ ಸುಪ್ರೀಂ ಕೋರ್ಟಿಗೆ

1975ರಲ್ಲಿ ಟೆಕ್ಸಾಸ್ ಶಾಸನಸಭೆ ತನ್ನ ಶಿಕ್ಷಣ ಸಂಹಿತೆಗೆ ಒಂದು ತಿದ್ದುಪಡಿ ತಂದಿತು. ದೇಶಕ್ಕೆ ಕಾನೂನುಬದ್ಧವಾಗಿ ಪ್ರವೇಶಿಸದ ಮಕ್ಕಳ ಓದಿಗೆ ರಾಜ್ಯದ ಹಣ ಕೊಡುವಂತಿಲ್ಲ, ಅಂಥವರನ್ನು ಸೇರಿಸಿಕೊಳ್ಳದಿರುವ ಅಧಿಕಾರ ಶಾಲಾ ಜಿಲ್ಲೆಗಳಿಗೆ ಇದೆ ಎಂಬುದು ಅದರ ಸಾರ. ಪೂರ್ವ ಟೆಕ್ಸಾಸಿನ ಟೈಲರ್ ಪಟ್ಟಣದ ಶಾಲಾ ಜಿಲ್ಲೆ 1977ರಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ವಿಧಿಸಿತು. ಕೂಲಿ ಮಾಡಿ ಬದುಕುತ್ತಿದ್ದ ಮೆಕ್ಸಿಕನ್ ಕುಟುಂಬಗಳಿಗೆ ಇದು ಮಕ್ಕಳನ್ನು ಶಾಲೆ ಬಿಡಿಸಿ ಎಂದು ಹೇಳಿದಂತೆಯೇ ಆಯಿತು.

ನಾಲ್ಕು ಕುಟುಂಬಗಳು ಮೊಕದ್ದಮೆ ಹೂಡಿದವು. ಹೆಸರು ಹೊರಬಿದ್ದರೆ ಗಡಿಪಾರಾಗುವ ಭಯವಿದ್ದುದರಿಂದ ಮಕ್ಕಳನ್ನು ಗುಪ್ತನಾಮದಲ್ಲಿ ಕರೆಯಲಾಯಿತು. ನ್ಯಾಯಾಧೀಶ ವಿಲಿಯಂ ವೇಯ್ನ್ ಜಸ್ಟಿಸ್, ಜನರ ಕಣ್ಣಿಗೆ ಬೀಳದಿರಲೆಂದು ಬೆಳ್ಳಂಬೆಳಗ್ಗೆ ವಿಚಾರಣೆ ಇಟ್ಟರು. ಅಲ್ಲಿಂದಲೇ ಗಡಿಗೆ ಸಾಗಿಸಿಬಿಟ್ಟರೆ ಎಂಬ ಅಂಜಿಕೆಯಿಂದ ಮನೆಯ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ನ್ಯಾಯಾಲಯಕ್ಕೆ ಬಂದ ಕುಟುಂಬವೂ ಅವರಲ್ಲಿತ್ತು. 1978ರಲ್ಲಿ ತೀರ್ಪು ಮಕ್ಕಳ ಪರವಾಗಿ ಬಂತು.

ಮೇಲ್ಮನವಿ ಸುಪ್ರೀಂ ಕೋರ್ಟ್ ತಲುಪಿ, 1982ರ ಜೂನ್ 15ರಂದು ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ 5–4ರ ಬಹುಮತದ ತೀರ್ಪು ಹೊರಬಿತ್ತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಬ್ರೆನನ್, ಸಂವಿಧಾನದ ಹದಿನಾಲ್ಕನೇ ತಿದ್ದುಪಡಿಯ ಸಮಾನ ರಕ್ಷಣೆ ರಾಜ್ಯದ ಎಲ್ಲೆಯೊಳಗಿರುವ ಪ್ರತಿಯೊಬ್ಬರಿಗೂ ಸಲ್ಲುತ್ತದೆ ಎಂದರು. ದೊಡ್ಡವರ ತಪ್ಪಿಗೆ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲ ಎಂಬುದು ಅವರ ತರ್ಕದ ತಿರುಳು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಶಿಕ್ಷಣ ಮೂಲಭೂತ ಹಕ್ಕು ಎಂದು ನ್ಯಾಯಾಲಯ ಹೇಳಲಿಲ್ಲ. 1973ರ ರಾಡ್ರಿಗಸ್ ಪ್ರಕರಣದಲ್ಲಿ ಅದಕ್ಕೆ ವ್ಯತಿರಿಕ್ತವಾದ ನಿಲುವನ್ನು ಅದು ಆಗಲೇ ತಳೆದಿತ್ತು. ಕಾಲೇಜಿನ ಮಾತನ್ನಂತೂ ಎತ್ತಲೇ ಇಲ್ಲ. ಮಗುವಿನ ನಿರಪರಾಧಿತ್ವವನ್ನೇ ಅಡಿಪಾಯ ಮಾಡಿಕೊಂಡ ಈ ತೀರ್ಪು ಮಗು ದೊಡ್ಡದಾದ ಮೇಲಿನ ಗತಿಯನ್ನು ರಾಜ್ಯಗಳ ಕೈಗೆ ಬಿಟ್ಟಿತು.

1996ರ ಕಾಯ್ದೆ ಮತ್ತು ಅದಕ್ಕೆ ಸಿಕ್ಕ ಉತ್ತರ

1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 187ನ್ನು ಅಂಗೀಕರಿಸಿ, ದಾಖಲೆರಹಿತರಿಗೆ ಶಾಲೆಯನ್ನೂ ಆಸ್ಪತ್ರೆ ಸೇವೆಯನ್ನೂ ನಿರಾಕರಿಸಲು ಹೊರಟರು. ಒಕ್ಕೂಟ ನ್ಯಾಯಾಲಯ ಅದನ್ನು ತಡೆಯಿತು. ಆ ಅಲೆಯಲ್ಲೇ 1996ರ ಒಕ್ಕೂಟ ವಲಸೆ ಕಾಯ್ದೆ ಬಂತು. ಅದರ 505ನೇ ಕಲಮಿನ ಪ್ರಕಾರ, ರಾಜ್ಯದಲ್ಲಿ ವಾಸವಿದ್ದಾರೆ ಎಂಬ ಆಧಾರದ ಮೇಲೆ ದಾಖಲೆರಹಿತರಿಗೆ ಉನ್ನತ ಶಿಕ್ಷಣದಲ್ಲಿ ರಿಯಾಯಿತಿ ಕೊಡುವುದಾದರೆ, ಅದೇ ರಿಯಾಯಿತಿಯನ್ನು ಬೇರೆ ರಾಜ್ಯಗಳ ಅಮೆರಿಕನ್ ನಾಗರಿಕರಿಗೂ ಕೊಡಬೇಕು.

ರಾಜ್ಯಗಳು ಈ ಕಲಮಿನ ಒಂದು ಪದಗುಚ್ಛದಲ್ಲಿಯೇ ದಾರಿ ಕಂಡುಕೊಂಡವು. ವಾಸದ ಆಧಾರ ಬೇಡವೆಂದರೆ ಓದಿನ ಆಧಾರ ಇಡೋಣ ಎಂಬುದು ಅವುಗಳ ಉತ್ತರ. 2001ರ ಅಕ್ಟೋಬರಿನಲ್ಲಿ ರಾಜ್ಯಪಾಲ ಗ್ರೇ ಡೇವಿಸ್ ಸಹಿ ಹಾಕಿದ ಕ್ಯಾಲಿಫೋರ್ನಿಯಾದ ಎಬಿ 540 ಕಾಯ್ದೆ ಇದಕ್ಕೆ ಮಾದರಿ. ಅದರ ಮೂಲ ರೂಪದಲ್ಲಿ ವಿದ್ಯಾರ್ಥಿ ಆ ರಾಜ್ಯದ ಪ್ರೌಢಶಾಲೆಯಲ್ಲಿ ಮೂರು ವರ್ಷ ಓದಿರಬೇಕಿತ್ತು, ಅಲ್ಲಿಯೇ ಪದವಿಪತ್ರ ಪಡೆದಿರಬೇಕಿತ್ತು, ಅವಕಾಶ ಸಿಕ್ಕ ಕೂಡಲೇ ವಲಸೆ ಸ್ಥಾನಮಾನಕ್ಕೆ ಅರ್ಜಿ ಹಾಕುತ್ತೇನೆ ಎಂದು ಅಫಿಡವಿಟ್ ಕೊಡಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಓದಿ, ಮನೆಯವರ ಜೊತೆ ನೆವಾಡಾಕ್ಕೆ ಹೋಗಿ, ಮತ್ತೆ ಕಾಲೇಜಿಗೆ ಮರಳಿದ ನಾಗರಿಕನಿಗೂ ಈ ಸವಲತ್ತು ದಕ್ಕುತ್ತದೆ. 2010ರಲ್ಲಿ ಮಾರ್ಟಿನೆಸ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಸರ್ವಾನುಮತದಿಂದ ಎತ್ತಿಹಿಡಿದದ್ದು ಇದೇ ನೆಲೆಯಲ್ಲಿ.

ಕ್ಯಾಲಿಫೋರ್ನಿಯಾಕ್ಕಿಂತ ಕೆಲವು ತಿಂಗಳು ಮೊದಲೇ ಇಂಥ ಕಾಯ್ದೆ ತಂದ ರಾಜ್ಯ ಟೆಕ್ಸಾಸ್. ಪ್ಲೈಲರ್ ಪ್ರಕರಣದಲ್ಲಿ ಸೋತ ರಾಜ್ಯವೇ ದೇಶಕ್ಕೆ ಮೊದಲಿಗನಾಯಿತು. ವಿರೋಧವಾಗಿ ಬಿದ್ದದ್ದು ಬೆರಳೆಣಿಕೆಯ ಮತಗಳು. ಸಹಿ ಹಾಕಿದವರು ರಿಪಬ್ಲಿಕನ್ ರಾಜ್ಯಪಾಲ ರಿಕ್ ಪೆರಿ. ಯೂಟಾ, ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್, ಕಾನ್ಸಾಸ್ ರಾಜ್ಯಗಳು ಹಿಂಬಾಲಿಸಿದವು. ರಾಜ್ಯದ ದುಡ್ಡಿನಲ್ಲಿ ಹನ್ನೆರಡು ವರ್ಷ ಓದಿದ ಹುಡುಗನನ್ನು ಕಾಲೇಜಿನ ಗೇಟಿನಲ್ಲಿ ತಡೆದರೆ ನಷ್ಟ ರಾಜ್ಯಕ್ಕೇ ಎಂಬ ಲೆಕ್ಕಾಚಾರ ಎರಡೂ ಪಕ್ಷಗಳಿಗೆ ಆಗ ಹಿಡಿಸಿತ್ತು.

ಲೈಸೆನ್ಸಿನ ಬೇರೆಯದೇ ದಾರಿ

ಲೈಸೆನ್ಸಿನ ಕಥೆ ಇದಕ್ಕೆ ಎದುರು ದಿಕ್ಕಿನಲ್ಲಿ ಸಾಗಿತು. ವಾಹನ ಓಡಿಸಲು ಬರುತ್ತದೆಯೇ ಎಂಬುದಷ್ಟೇ ಹಿಂದೆ ಬಹುತೇಕ ರಾಜ್ಯಗಳ ಕಾಳಜಿಯಾಗಿತ್ತು. ಕಾನೂನುಬದ್ಧ ವಾಸದ ಪುರಾವೆ ಬೇಕೆಂದು ಕ್ಯಾಲಿಫೋರ್ನಿಯಾ ಕಾಯ್ದೆ ಮಾಡಿದ್ದು 1993ರಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಕೋರರ ಬಳಿ ರಾಜ್ಯಗಳು ಕೊಟ್ಟ ಲೈಸೆನ್ಸುಗಳೂ ಗುರುತಿನ ಚೀಟಿಗಳೂ ಇದ್ದವು ಎಂಬುದು ಬಯಲಾದ ಮೇಲೆ ವಾತಾವರಣವೇ ಬದಲಾಯಿತು. ರಸ್ತೆಗೆ ಸಂಬಂಧಿಸಿದ ಕಾಗದ ರಾತ್ರೋರಾತ್ರಿ ಭದ್ರತೆಗೆ ಸಂಬಂಧಿಸಿದ ಕಾಗದವಾಯಿತು. 2005ರ ಮೇ ತಿಂಗಳ ರಿಯಲ್ ಐಡಿ ಕಾಯ್ದೆ, ವಿಮಾನ ಹತ್ತಲು ಮತ್ತು ಒಕ್ಕೂಟ ಸರ್ಕಾರದ ಕಚೇರಿಗಳಿಗೆ ಹೋಗಲು ಒಪ್ಪುವ ಲೈಸೆನ್ಸಿಗೆ ಕಾನೂನುಬದ್ಧ ವಾಸದ ಪುರಾವೆಯನ್ನು ಕಡ್ಡಾಯ ಮಾಡಿತು. ಗುರುತು ಬೇರೆಯಾಗಿ ಕಾಣುವಂತೆ ಮಾಡಿ ಎರಡನೇ ಬಗೆಯ ಕಾರ್ಡು ಕೊಡಲು ಅದರಲ್ಲಿ ಅವಕಾಶವಿತ್ತು. ಯೂಟಾ ಅದೇ ವರ್ಷ ಇಂಥ ಚಾಲನಾ ಕಾರ್ಡನ್ನು ಶುರುಮಾಡಿತು.

ರಾಜಕಾರಣಿಗಳಿಗೆ ಈ ವಿಷಯ ಎಷ್ಟು ದುಬಾರಿಯಾಯಿತು ಎಂಬುದಕ್ಕೆ ಎರಡು ನಿದರ್ಶನ ಸಾಕು. 2003ರ ಸೆಪ್ಟೆಂಬರಿನಲ್ಲಿ ಗ್ರೇ ಡೇವಿಸ್ ದಾಖಲೆರಹಿತರಿಗೆ ಲೈಸೆನ್ಸ್ ಕೊಡುವ ಮಸೂದೆಗೆ ಸಹಿ ಹಾಕಿದರು. ಮರುತಿಂಗಳೇ ಮತದಾರರು ಅವರನ್ನು ವಾಪಸು ಕರೆಸಿಕೊಂಡರು. ಆ ಜಾಗಕ್ಕೆ ಬಂದ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಡಿಸೆಂಬರಿನೊಳಗೆ ಕಾಯ್ದೆಯನ್ನು ರದ್ದುಮಾಡಿಸಿದರು. ಎರಡು ವರ್ಷ ಹಿಂದೆ ಅದೇ ಡೇವಿಸ್ ಸಹಿ ಹಾಕಿದ್ದ ಎಬಿ 540ರ ತಂಟೆಗೆ ಯಾರೂ ಹೋಗಲಿಲ್ಲ. 2007ರಲ್ಲಿ ನ್ಯೂಯಾರ್ಕಿನ ರಾಜ್ಯಪಾಲ ಎಲಿಯಟ್ ಸ್ಪಿಟ್ಜರ್ ಕೂಡ ಇಂಥದೇ ಯೋಜನೆ ಪ್ರಕಟಿಸಿ, ನವೆಂಬರಿನಲ್ಲಿ ಕೈಬಿಟ್ಟರು.

ಆರೆಗಾನ್ ರಾಜ್ಯದ ಉದಾಹರಣೆ ಇನ್ನೂ ಸ್ಪಷ್ಟ. 2013ರಲ್ಲಿ ಅಲ್ಲಿನ ಶಾಸನಸಭೆ ಶುಲ್ಕ ಸಮಾನತೆಯ ಕಾಯ್ದೆಯನ್ನೂ ಚಾಲನಾ ಕಾರ್ಡಿನ ಕಾಯ್ದೆಯನ್ನೂ ಪಾಸುಮಾಡಿತು. ಮೊದಲನೆಯದು ಉಳಿಯಿತು. ಎರಡನೆಯದು 2014ರಲ್ಲಿ ಜನಮತಕ್ಕೆ ಹೋದಾಗ ಸುಮಾರು ಮೂರನೇ ಎರಡು ಭಾಗ ಮತದಾರರು ತಿರಸ್ಕರಿಸಿದರು. ಮೇರಿಲ್ಯಾಂಡಿನಲ್ಲಿ 2012ರಲ್ಲಿ ಶುಲ್ಕದ ಕಾಯ್ದೆ ಜನಮತಕ್ಕೆ ಬಂದಾಗ ಶೇ. 58ಕ್ಕೂ ಹೆಚ್ಚು ಜನ ಅದರ ಪರ ನಿಂತಿದ್ದರು. ಬ್ರೆನನ್ ಅವರ ನಿರಪರಾಧಿ ಮಗು ಪುಸ್ತಕ ಹಿಡಿದು ನಿಂತಾಗ ಮತದಾರರು ಗುರುತಿಸಿದರು, ಸ್ಟಿಯರಿಂಗ್ ಹಿಡಿದಾಗ ಗುರುತಿಸಲಿಲ್ಲ.

ಒಂದು ಪಾರ್ಕಿಂಗ್ ಸ್ಥಳ

ಈ ಎರಡು ನೀತಿಗಳು ಒಂದನ್ನೊಂದು ಹೇಗೆ ಕಚ್ಚಿಕೊಂಡಿವೆ ಎಂಬುದು ಜಾರ್ಜಿಯಾದಲ್ಲಿ ಬಯಲಿಗೆ ಬಂತು. 2010ರ ಮಾರ್ಚಿನಲ್ಲಿ ಅಟ್ಲಾಂಟಾ ಸಮೀಪದ ಕೆನಸಾ ಸ್ಟೇಟ್ ವಿಶ್ವವಿದ್ಯಾಲಯದ ಪಾರ್ಕಿಂಗ್ ಸ್ಥಳದಲ್ಲಿ, ಸಂಚಾರಕ್ಕೆ ಅಡ್ಡಿಪಡಿಸಿದಳೆಂಬ ಕಾರಣಕ್ಕೆ ಕ್ಯಾಂಪಸ್ ಪೊಲೀಸರು ವಿದ್ಯಾರ್ಥಿನಿಯೊಬ್ಬಳ ಕಾರನ್ನು ನಿಲ್ಲಿಸಿದರು. ಆಕೆಯ ಬಳಿ ಲೈಸೆನ್ಸ್ ಇರಲಿಲ್ಲ. ಜಾರ್ಜಿಯಾದ ಕಾನೂನಿನಲ್ಲಿ ಆಕೆಗೆ ಸಿಗುವಂತೆಯೂ ಇರಲಿಲ್ಲ. ಬಂಧನವಾಯಿತು. ಕಾಬ್ ಕೌಂಟಿಯ ಪೊಲೀಸ್ ವ್ಯವಸ್ಥೆ ಒಕ್ಕೂಟ ವಲಸೆ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡಿದ್ದರಿಂದ ಪ್ರಕರಣ ಅಲ್ಲಿಗೇ ನಿಲ್ಲದೆ, ಆಕೆಯನ್ನು ಅಲಬಾಮಾದ ಬಂಧನ ಕೇಂದ್ರಕ್ಕೆ ಕಳಿಸಲಾಯಿತು. ಮೇ ತಿಂಗಳಲ್ಲಿ ಬಿಡುಗಡೆಯಾಯಿತು, ಓದು ಮುಗಿಸಲು ಕಾಲಾವಕಾಶ ಸಿಕ್ಕಿತು.

ಆದರೆ ಆಕೆ ರಾಜ್ಯದವರ ಶುಲ್ಕವನ್ನೇ ಕಟ್ಟುತ್ತಿದ್ದಳು ಎಂಬ ಸಂಗತಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಗದ್ದಲ ಎದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ ಹೊಸ ನಿಯಮ ಮಾಡಿತು: ಹಿಂದಿನ ಎರಡು ವರ್ಷ ಅರ್ಹರನ್ನೂ ಜಾಗವಿಲ್ಲದೆ ವಾಪಸು ಕಳಿಸಿದ ಯಾವ ಸಂಸ್ಥೆಯೂ ದಾಖಲೆರಹಿತರನ್ನು ಸೇರಿಸಿಕೊಳ್ಳುವಂತಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯ, ಜಾರ್ಜಿಯಾ ಟೆಕ್ ಸೇರಿದಂತೆ ಐದು ಸಂಸ್ಥೆಗಳ ಬಾಗಿಲು ಹೀಗೆ ಮುಚ್ಚಿತು. ಉತ್ತರವಾಗಿ 2011ರಲ್ಲಿ ಅಥೆನ್ಸ್ ನಗರದಲ್ಲಿ ಕೆಲವು ಪ್ರಾಧ್ಯಾಪಕರು ಸೇರಿ, ಇಂಥ ವಿದ್ಯಾರ್ಥಿಗಳಿಗೆಂದೇ ಉಚಿತವಾಗಿ ಕಲಿಸುವ ಫ್ರೀಡಂ ಯೂನಿವರ್ಸಿಟಿಯನ್ನು ಆರಂಭಿಸಿದರು. ಒಂದು ಸಂಚಾರ ತಪಾಸಣೆ ಇಡೀ ರಾಜ್ಯದ ಪ್ರವೇಶ ನೀತಿಯನ್ನು ತಿರುಗಿಸಿದ್ದರಿಂದ, ಲೈಸೆನ್ಸಿನ ನೀತಿಯನ್ನು ಬಿಟ್ಟು ಶಿಕ್ಷಣ ನೀತಿಯ ಚರಿತ್ರೆ ಬರೆಯುವುದು ಅಪೂರ್ಣವೇ ಸರಿ.

ಡಾಕಾ ಮತ್ತು ಅರಿಜೋನಾದ ಹಟ

ಒಕ್ಕೂಟ ಮಟ್ಟದಲ್ಲಿ, ಇಂಥ ವಿದ್ಯಾರ್ಥಿಗಳಿಗೆ ಕಾನೂನುಬದ್ಧ ಸ್ಥಾನಮಾನ ಕೊಡಲು ಹೊರಟ ಡ್ರೀಮ್ ಮಸೂದೆ 2001ರಿಂದ ಮತ್ತೆ ಮತ್ತೆ ಬಂದು ಬಿದ್ದುಹೋಯಿತು. 2010ರ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ ಗೆದ್ದು ಸೆನೆಟ್‌ನಲ್ಲಿ ಐದು ಮತಗಳ ಕೊರತೆಯಿಂದ ಸೋತಿತು. ಪ್ಲೈಲರ್ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, 2012ರ ಜೂನ್ 15ರಂದು, ಅಧ್ಯಕ್ಷ ಬರಾಕ್ ಒಬಾಮ ಡಾಕಾ ಯೋಜನೆ ಪ್ರಕಟಿಸಿದರು. ಹದಿನಾರು ತುಂಬುವ ಮೊದಲೇ ಬಂದವರಿಗೆ ಗಡಿಪಾರಿನಿಂದ ತಾತ್ಕಾಲಿಕ ಬಿಡುವು ಮತ್ತು ಕೆಲಸದ ಪರವಾನಗಿ ಸಿಕ್ಕಿತು.

ಯೋಜನೆಗೆ ಅರ್ಜಿ ಸ್ವೀಕಾರ ಶುರುವಾದ ದಿನವೇ, ಆಗಸ್ಟ್ 15ರಂದು, ಅರಿಜೋನಾದ ರಾಜ್ಯಪಾಲೆ ಜಾನ್ ಬ್ರೂವರ್ ಡಾಕಾ ಪಡೆದವರಿಗೆ ಲೈಸೆನ್ಸ್ ಕೊಡಕೂಡದೆಂದು ಆದೇಶ ಹೊರಡಿಸಿದರು. ಕೆಲಸದ ಪರವಾನಗಿ ಹೊಂದಿದ ಬೇರೆ ವಲಸಿಗರಿಗೆ ಕೊಟ್ಟು ಇವರಿಗೆ ಮಾತ್ರ ನಿರಾಕರಿಸುವುದು ಸಲ್ಲದು ಎಂದು ವಿದ್ಯಾರ್ಥಿ ಸಂಘಟನೆ ನ್ಯಾಯಾಲಯದ ಮೊರೆಹೋಯಿತು. 2014ರ ಡಿಸೆಂಬರಿನಲ್ಲಿ ಲೈಸೆನ್ಸುಗಳು ಸಿಗತೊಡಗಿದವು. 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾ ಹತ್ತು ವರ್ಷದ ಹಿಂದಿನ ಸೋಲನ್ನು ಸರಿಪಡಿಸಿಕೊಂಡಿತು. 2013ರಲ್ಲಿ ಪಾಸಾದ ಎಬಿ 60 ಕಾಯ್ದೆಯಡಿ 2015ರ ಒಂದೇ ವರ್ಷದಲ್ಲಿ 6 ಲಕ್ಷಕ್ಕೂ ಹೆಚ್ಚು ಲೈಸೆನ್ಸುಗಳು ವಿತರಣೆಯಾದವು. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಟ್ಟು ಅಪಘಾತಗಳು ಏರಲಿಲ್ಲ, ಗುದ್ದಿ ಓಡಿಹೋಗುವ ಪ್ರಕರಣಗಳು ಶೇ. 7ರಿಂದ 10ರಷ್ಟು ಇಳಿದವು. ಲೈಸೆನ್ಸ್ ಇದ್ದವನಿಗೆ ಅಪಘಾತದ ಜಾಗದಲ್ಲಿ ನಿಲ್ಲುವ ಧೈರ್ಯವಿರುತ್ತದೆ ಎಂಬುದು ಇದರ ವಿವರಣೆ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ 2019ರಲ್ಲಿ ಇದೇ ದಾರಿ ಹಿಡಿದವು. ಮ್ಯಾಸಚೂಸೆಟ್ಸ್ 2022ರಲ್ಲಿ ರಾಜ್ಯಪಾಲರ ವೀಟೊ ಮೀರಿ ಕಾಯ್ದೆ ತಂದಿತು, ಮತದಾರರೂ ಅದನ್ನು ಉಳಿಸಿಕೊಂಡರು. 2023ಕ್ಕೆ ಇಂಥ ರಾಜ್ಯಗಳ ಸಂಖ್ಯೆ 19ಕ್ಕೆ ಏರಿತು.

ಕನ್ನಡಿಗರ ಮನೆಗಳಲ್ಲಿ ಇದರ ನೆರಳು

ಈ ಚರಿತ್ರೆ ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋದ ಕುಟುಂಬಗಳಿಗೆ ಸಂಬಂಧವಿಲ್ಲದ್ದು ಎಂದು ತೋರಬಹುದು. ಹಾಗಿಲ್ಲ. ಅವರ ಮಕ್ಕಳು ಎಚ್-4 ಅವಲಂಬಿತ ವೀಸಾದಲ್ಲಿ ಬೆಳೆಯುತ್ತಾರೆ. ಯಾವುದೇ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಗ್ರೀನ್ ಕಾರ್ಡ್ ಸರದಿ ಬಹಳ ಉದ್ದ. ಸರದಿ ಬರುವ ಮೊದಲೇ ಇಪ್ಪತ್ತೊಂದು ತುಂಬಿದರೆ ಮಕ್ಕಳು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಕಾನೂನುಬದ್ಧ ಸ್ಥಾನಮಾನ ಇದ್ದವರಾದ್ದರಿಂದ ಡಾಕಾ ಇವರಿಗೆ ಅನ್ವಯಿಸಲಿಲ್ಲ. ರಿಯಲ್ ಐಡಿ ನಿಯಮದಂತೆ ಇವರ ಲೈಸೆನ್ಸಿನ ಅವಧಿ ವಾಸದ ಅನುಮತಿಯ ಅವಧಿಯ ಜೊತೆಗೇ ಮುಗಿಯುತ್ತದೆ. ವಿಸ್ತರಣೆಯ ಅರ್ಜಿ ತಡವಾದರೆ ಕಾರೂ ಮನೆಯಲ್ಲೇ ನಿಲ್ಲುತ್ತದೆ. ಎಫ್-1ನಂಥ ತಾತ್ಕಾಲಿಕ ವೀಸಾದವರನ್ನು ಎಬಿ 540 ಸಾಮಾನ್ಯವಾಗಿ ಹೊರಗಿಟ್ಟಿದೆ. ಕಾಗದಪತ್ರ ಸರಿಯಾಗಿಟ್ಟುಕೊಂಡದ್ದೇ ಇವರಿಗೆ ಮುಳುವಾಯಿತು.

ಹಿಂದಕ್ಕೆ ತಿರುಗಿದ ಚಕ್ರ

2023ರಲ್ಲಿ ಫ್ಲಾರಿಡಾ, ದಾಖಲೆರಹಿತರಿಗೆಂದೇ ಬೇರೆ ರಾಜ್ಯಗಳು ಕೊಟ್ಟ ಲೈಸೆನ್ಸುಗಳು ತನ್ನ ರಸ್ತೆಗಳಲ್ಲಿ ಅಮಾನ್ಯ ಎಂದು ಸಾರಿತು. 2014ರಲ್ಲಿ ತಾನೇ ಕೊಟ್ಟಿದ್ದ ಶುಲ್ಕದ ರಿಯಾಯಿತಿಯನ್ನು 2025ರಲ್ಲಿ ರದ್ದುಮಾಡಿತು. ಮೊದಲು ಚಾಲಕನನ್ನು, ಆಮೇಲೆ ವಿದ್ಯಾರ್ಥಿಯನ್ನು ಹೊರಗಿಟ್ಟ ಈ ಕ್ರಮ ಆಕಸ್ಮಿಕವಲ್ಲ. ರಾಜಕೀಯವಾಗಿ ಸುಲಭವಾದದ್ದು ಮೊದಲು ನಡೆಯಿತು.

2025ರ ಜೂನ್ 4ರಂದು ಒಕ್ಕೂಟ ನ್ಯಾಯ ಇಲಾಖೆ 505ನೇ ಕಲಮನ್ನೇ ಮುಂದಿಟ್ಟುಕೊಂಡು ಟೆಕ್ಸಾಸ್ ಮೇಲೆ ದಾವೆ ಹೂಡಿತು. ರಾಜ್ಯ ತನ್ನ ಕಾಯ್ದೆಯನ್ನು ಸಮರ್ಥಿಸಿಕೊಳ್ಳಲಿಲ್ಲ. ಎರಡೂ ಕಡೆಯವರು ಒಪ್ಪಿ, ಅದೇ ದಿನ ನ್ಯಾಯಾಧೀಶ ರೀಡ್ ಓಕಾನರ್ ಅವರಿಂದ ಕಾಯ್ದೆಗೆ ಶಾಶ್ವತ ತಡೆ ಬಿತ್ತು. ಇಪ್ಪತ್ತನಾಲ್ಕು ವರ್ಷ ಬಾಳಿದ ಕಾಯ್ದೆ ಒಂದು ದಿನದಲ್ಲಿ ಮುಗಿಯಿತು. ಕೆಂಟಕಿ, ಮಿನ್ನೆಸೋಟ, ಒಕ್ಲಹೋಮಗಳ ಮೇಲೂ ಇಂಥ ದಾವೆಗಳು ಬಂದವು.

ಈ ಐವತ್ತು ವರ್ಷಗಳಿಂದ ಹೊರಡುವ ತೀರ್ಮಾನಗಳು ಎರಡು. ಕಾಲೇಜಿನ ಶುಲ್ಕವನ್ನು ಇಳಿಸಿ ಕಾಲೇಜಿಗೆ ಹೋಗುವ ರಸ್ತೆಯನ್ನು ಮುಚ್ಚಿದ ನೀತಿ ಅರ್ಧ ನೀತಿ. ಶುಲ್ಕದಲ್ಲಿ ದೇಶಕ್ಕೇ ಮೊದಲಿಗನಾಗಿದ್ದೂ ಲೈಸೆನ್ಸಿಗೆ ಕಾನೂನುಬದ್ಧ ವಾಸದ ಪುರಾವೆ ಕೇಳಿದ ಟೆಕ್ಸಾಸ್ ಅದಕ್ಕೆ ಸಾಕ್ಷಿ. ಎರಡನೆಯದು, ಶಾಸನಸಭೆಯ ಔದಾರ್ಯದಿಂದ ಬಂದದ್ದನ್ನು ಇನ್ನೊಂದು ಶಾಸನಸಭೆಯೋ ಒಂದು ಸಂಜೆಯ ಒಪ್ಪಂದವೋ ಕಿತ್ತುಕೊಳ್ಳಬಲ್ಲದು. ಟೈಲರ್ ಪಟ್ಟಣದ ಮಕ್ಕಳು ಗೆದ್ದುಕೊಟ್ಟ ಶಾಲೆಯ ಹಕ್ಕು ಸಂವಿಧಾನದ ಆಧಾರದ ಮೇಲೆ ನಿಂತಿರುವುದರಿಂದ ಈವರೆಗೆ ಉಳಿದಿದೆ. ಅದೂ ಒಂದೇ ಒಂದು ಮತದ ಅಂತರದಲ್ಲಿ ಗೆದ್ದದ್ದು ಎಂಬುದನ್ನು ಮರೆಯುವಂತಿಲ್ಲ.