ಶಾಲಾ ವೋಚರ್ (ಅಮೆರಿಕ)

ಖಾಸಗಿ ಶಾಲೆಯ ಶುಲ್ಕವನ್ನು ಪೂರ್ತಿಯಾಗಿಯೋ ಒಂದಂಶವಾಗಿಯೋ ಸರ್ಕಾರ ಭರಿಸುವ ಏರ್ಪಾಡು. ಹಣ ಕೊನೆಗೆ ಸೇರುವುದು ಶಾಲೆಗೇ ಆದರೂ ಶಾಲೆಯನ್ನು ಆರಿಸುವವರು ಪಾಲಕರು. ಅಮೆರಿಕದ ನ್ಯಾಯಾಲಯಗಳು ಈ ಯೋಜನೆಯನ್ನು ಒಪ್ಪಿದ್ದು ಬಹುಮಟ್ಟಿಗೆ ಈ ಕಾರಣಕ್ಕೇ.

ಇದರ ಹಳೆಯ ರೂಪ ಈಶಾನ್ಯದ ವರ್ಮಾಂಟ್ (1869) ಮತ್ತು ಮೇನ್ (1873) ರಾಜ್ಯಗಳಲ್ಲಿದೆ. ಸ್ವಂತ ಪ್ರೌಢಶಾಲೆಯಿಲ್ಲದ ಸಣ್ಣ ಊರುಗಳು ತಮ್ಮ ಮಕ್ಕಳನ್ನು ಬೇರೆಡೆಯ ಶಾಲೆಗೆ ಕಳಿಸಿ ಶುಲ್ಕ ಕಟ್ಟುತ್ತಿದ್ದವು. ಅದರ ಹಿಂದೆ ಸಿದ್ಧಾಂತವೇನೂ ಇರಲಿಲ್ಲ, ಅನುಕೂಲವಷ್ಟೇ ಇತ್ತು. ಸಿದ್ಧಾಂತ ಒದಗಿದ್ದು 1955ರಲ್ಲಿ. ಶಿಕ್ಷಣಕ್ಕೆ ಸರ್ಕಾರ ಹಣ ಕೊಡಲಿ, ಆದರೆ ಶಾಲೆಯನ್ನು ಅದೇ ನಡೆಸಬೇಕಾಗಿಲ್ಲ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಪ್ರಬಂಧವೊಂದರಲ್ಲಿ ವಾದಿಸಿದರು. ದಕ್ಷಿಣದ ರಾಜ್ಯಗಳು ಇಂಥದೇ ಸೂತ್ರವನ್ನು ವರ್ಣಭೇದ ಉಳಿಸಿಕೊಳ್ಳಲು ಮುಂದಿಡುತ್ತಿವೆ ಎಂಬ ಸಂಗತಿಗೆ ಅದರಲ್ಲಿ ಸಿಕ್ಕಿದ್ದು ಒಂದು ದೀರ್ಘ ಅಡಿಟಿಪ್ಪಣಿಯ ಜಾಗ.

ಅಡಿಟಿಪ್ಪಣಿಯಲ್ಲಿ ಮುಗಿಯುವ ವಿಷಯ ಅದಾಗಿರಲಿಲ್ಲ. ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆಬೇರೆ ಶಾಲೆಗಳಲ್ಲಿ ಇರಿಸುವುದು ಸಂವಿಧಾನಬಾಹಿರವೆಂದು 1954ರಲ್ಲಿ ಬ್ರೌನ್ ಪ್ರಕರಣದ ತೀರ್ಪು ಬಂದಿತ್ತು. ಅದಕ್ಕೆ ಮಣಿಯಲೊಪ್ಪದ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಲ್ಲಿ ತನ್ನ ಸಾರ್ವಜನಿಕ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟಿತು. ಬಿಳಿಯ ಮಕ್ಕಳಿಗೆ ಹೊಸ ಖಾಸಗಿ ಶಾಲೆ ಎದ್ದಿತು, ಶುಲ್ಕಕ್ಕೆ ಸರ್ಕಾರಿ ಅನುದಾನವೂ ದೊರೆಯಿತು. ಕಪ್ಪು ಮಕ್ಕಳಲ್ಲಿ ಹೆಚ್ಚಿನವರಿಗೆ ಐದು ವರ್ಷ ಶಾಲೆಯೇ ಇರಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಿಂದ ಶಾಲೆಗಳು ಮತ್ತೆ ತೆರೆದದ್ದು 1964ರಲ್ಲಿ.

ಹೀಗೆ ಕಳಂಕ ಹೊತ್ತಿದ್ದ ಸಾಧನವನ್ನು ಮುಂದೆ ಕೈಗೆತ್ತಿಕೊಂಡವರು ಕಪ್ಪು ಸಮುದಾಯದವರೇ. ವಿಸ್ಕಾನ್ಸಿನ್ ಶಾಸನಸಭೆಯ ಡೆಮಾಕ್ರಟಿಕ್ ಸದಸ್ಯೆ ಪಾಲಿ ವಿಲಿಯಮ್ಸ್ ಮಿಲ್ವಾಕಿ ನಗರದ ಬಡ ಕಪ್ಪು ಕುಟುಂಬಗಳ ಪ್ರತಿನಿಧಿ. ಸಾರ್ವಜನಿಕ ಶಾಲೆಗಳ ಸ್ಥಿತಿ ಕಂಡು ರೋಸಿಹೋಗಿದ್ದ ಅವರು ರಿಪಬ್ಲಿಕನ್ ಗವರ್ನರ್ ಟಾಮಿ ಥಾಂಪ್ಸನ್ ಜೊತೆ ಕೈಜೋಡಿಸಿದರು. 1990ರಲ್ಲಿ ಯೋಜನೆ ಶುರುವಾದಾಗ ಇದ್ದದ್ದು ಏಳು ಶಾಲೆ, ಸುಮಾರು 340 ಮಕ್ಕಳು, ಮಗುವಿಗೆ ಹತ್ತಿರಹತ್ತಿರ 2,500 ಡಾಲರ್. ಕುಟುಂಬದ ಆದಾಯಕ್ಕೆ ಮಿತಿಯಿತ್ತು. ಧಾರ್ಮಿಕ ಶಾಲೆಗಳಿಗೆ ಪ್ರವೇಶವಿರಲಿಲ್ಲ. ಅರ್ಜಿಗಳು ಸೀಟುಗಳಿಗಿಂತ ಹೆಚ್ಚಾದರೆ ಲಾಟರಿ. 1995ರ ಕಾನೂನು ಧಾರ್ಮಿಕ ಶಾಲೆಗಳಿಗೂ ಅವಕಾಶ ಕೊಟ್ಟಿತು, ಆದರೆ ನ್ಯಾಯಾಲಯದ ತಡೆ ಸರಿದು ಅವು ಒಳಬಂದದ್ದು 1998ರಲ್ಲಿ. 2011ರಲ್ಲಿ ಆದಾಯದ ಮಿತಿ ಏರಿತು. ಬಡವರಿಗೆಂದು ತಂದದ್ದು ಉಳ್ಳವರ ಕಡೆಗೆ ಜಾರುತ್ತಿದೆ ಎಂದು ವಿಲಿಯಮ್ಸ್ ಸ್ವತಃ ವಿರೋಧಿಸಿದ್ದರು. ಈ ಇತಿಹಾಸದಲ್ಲಿ ಅವರ ಆಕ್ಷೇಪಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಕಾನೂನಿನ ದೊಡ್ಡ ತೊಡಕು ಧರ್ಮದ್ದು: ಸರ್ಕಾರ ಧರ್ಮವನ್ನು ಪೋಷಿಸುವಂತಿಲ್ಲ ಎನ್ನುತ್ತದೆ ಅಮೆರಿಕದ ಸಂವಿಧಾನ. ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ವೋಚರ್ ಪಡೆದವರಲ್ಲಿ ಶೇ. 96ರಷ್ಟು ಮಕ್ಕಳು ಧಾರ್ಮಿಕ ಶಾಲೆಗಳಲ್ಲಿದ್ದರು. ಆದರೂ 2002ರ ಝೆಲ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿಯಿತು. ಹಣವನ್ನು ಚರ್ಚಿನ ಶಾಲೆಗೆ ಒಯ್ದದ್ದು ಪಾಲಕರ ಆಯ್ಕೆ, ಸರ್ಕಾರವಲ್ಲ ಎಂಬುದು ತರ್ಕ. 2022ರ ಹೊತ್ತಿಗೆ ವಾದ ತಿರುಗಿ ನಿಂತಿತ್ತು: ಖಾಸಗಿ ಶಾಲೆಗಳಿಗೆ ಶುಲ್ಕ ಕೊಡುವುದಾದರೆ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಎಂದು ಮೇನ್ ರಾಜ್ಯಕ್ಕೆ ಸಂಬಂಧಿಸಿದ ಕಾರ್ಸನ್ ತೀರ್ಪು ಹೇಳಿತು. ರಾಜ್ಯ ಸಂವಿಧಾನಗಳು ಬೇರೆ ಕಥೆ. ಫ್ಲಾರಿಡಾದ 1999ರ ಯೋಜನೆಯೊಂದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ರದ್ದುಮಾಡಿತು.

ಜನಮತಕ್ಕೆ ಹೋದಾಗ ವೋಚರ್ ಹಲವು ಬಾರಿ ಸೋತಿದೆ: 2000ದಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮಿಷಿಗನ್, 2007ರಲ್ಲಿ ಯೂಟಾ, 2024ರಲ್ಲಿ ಕೆಂಟಕಿ, ನೆಬ್ರಾಸ್ಕಾ. ಗೆದ್ದದ್ದೆಲ್ಲ ಹೆಚ್ಚಾಗಿ ಶಾಸನಸಭೆಗಳಲ್ಲಿ. ಕಲಿಕೆಯ ಫಲವೂ ಒಂದೇ ತೆರನಾಗಿಲ್ಲ. ಲೂಯಿಸಿಯಾನಾದಲ್ಲಿ ವೋಚರ್ ಬಳಸಿದ ಮಕ್ಕಳ ಗಣಿತದ ಅಂಕಗಳು ಮೊದಲ ವರ್ಷಗಳಲ್ಲಿ ಇಳಿದದ್ದು ಬೆಂಬಲಿಗರಿಗೂ ಮುಜುಗರ ತಂದಿತು. ಹಾಗಿದ್ದೂ ವಿಸ್ತರಣೆ ನಿಲ್ಲಲಿಲ್ಲ. ಆರಿಜೋನಾ 2011ರಲ್ಲಿ ವಿಶೇಷಚೇತನ ಮಕ್ಕಳಿಗೆಂದು ತಂದ ಶಿಕ್ಷಣ ಖಾತೆಯನ್ನು (ಶುಲ್ಕದ ಜೊತೆ ಕಲಿಕೆಯ ಇತರ ವೆಚ್ಚಕ್ಕೂ ಪಾಲಕರು ಬಳಸಬಹುದಾದ ಸರ್ಕಾರಿ ಹಣ) 2022ರಲ್ಲಿ ಎಲ್ಲ ಮಕ್ಕಳಿಗೂ ತೆರೆಯಿತು. ಆಗ ಮೊದಲು ಅರ್ಜಿ ಹಾಕಿದವರಲ್ಲಿ ಬಹುಪಾಲು ಮಕ್ಕಳು ಸಾರ್ವಜನಿಕ ಶಾಲೆಯಲ್ಲಿ ಓದುತ್ತಿದ್ದವರಲ್ಲ. ಫ್ಲಾರಿಡಾ 2023ರಲ್ಲಿ ಆದಾಯದ ಮಿತಿ ತೆಗೆದುಹಾಕಿತು. ಟೆಕ್ಸಾಸ್ 2025ರಲ್ಲಿ 100 ಕೋಟಿ ಡಾಲರಿನ ಯೋಜನೆಗೆ ಕಾನೂನು ಮಾಡಿತು.

ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ). ಅದರಂತೆ ಅನುದಾನರಹಿತ ಖಾಸಗಿ ಶಾಲೆಗಳ ಪ್ರವೇಶ ತರಗತಿಯ ಶೇ. 25ರಷ್ಟು ಸೀಟುಗಳು ದುರ್ಬಲ ವರ್ಗದ ಮಕ್ಕಳಿಗೆ ಮೀಸಲು, ಶುಲ್ಕ ಮರುಪಾವತಿ ಸರ್ಕಾರದ್ದು. ಕರ್ನಾಟಕದಲ್ಲಿ ಇವು 'ಆರ್‌ಟಿಇ ಸೀಟು' ಎಂದೇ ಮನೆಮಾತು. ಆದರೆ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. 2019ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಒಪ್ಪಿತು. ಅಲ್ಲಿಂದ ಪ್ರವೇಶಗಳು ತೀವ್ರವಾಗಿ ಕುಸಿದವು.